ಟೆಸ್ಟ್ ಟ್ಯೂಬಿನ ಅಯಸ್ಕಾಂತ, ಶಿಬಿರದ ಅಯಸ್ಕಾಂತ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ನಮ್ಮ ಅತ್ತೆಗೆ 61 ವರ್ಷ. ಕೆಲವು ತಿಂಗಳಿಂದ ವಿಪರೀತ ಸುಸ್ತು, ತೋಟದಿಂದ ಮನೆಗೆ ಹತ್ತಿ ಬರುವಷ್ಟರಲ್ಲಿ ಏದುಸಿರು. ಊರಿನ ಸಮುದಾಯ ಭವನದಲ್ಲಿ ಒಂದು ಶಿಬಿರ ನಡೆದಾಗ ‘ನ್ಯಾನೋ ಮ್ಯಾಗ್ನೆಟಿಕ್ ಸ್ಕ್ಯಾನ್’ ಮಾಡಿಸಿದೆವು. ಕೈಗೆ ಒಂದು ಲೋಹದ ಕಡ್ಡಿ ಕೊಟ್ಟರು. ಒಂದು ನಿಮಿಷಕ್ಕೆ 42 ಪುಟದ ವರದಿ ಬಂತು. ಥೈರಾಯ್ಡ್, ಲಿವರ್, ಮೂಳೆ ಎಲ್ಲದರಲ್ಲೂ ತೊಂದರೆ ಅಂತ ಇತ್ತು. 6,800 ರೂಪಾಯಿಗೆ ಒಂದು ಕಿಟ್ ಕೊಟ್ಟರು. ಐದು ವಾರ ತಗೊಂಡರು, ಸುಸ್ತು ಕಡಿಮೆಯಾಗಲಿಲ್ಲ. ಆಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಹಿಮೋಗ್ಲೋಬಿನ್ 8.1, ಎಂಸಿವಿ (ಕೆಂಪು ರಕ್ತಕಣದ ಗಾತ್ರ) 66, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) 5, ಟಿಎಸ್‌ಎಚ್ 0.09 (ಥೈರಾಯ್ಡಿಗೆ ಕೆಲಸ ಮಾಡು ಅನ್ನುವ ಹಾರ್ಮೋನ್), ಟಿ4 (ಥೈರಾಯ್ಡ್ ಸುರಿಸುವ ಹಾರ್ಮೋನ್) ಜಾಸ್ತಿ. ಯುಗಾದಿ ಹೊತ್ತಿಗೆ ಮಾಡಿಸಿದಾಗ ಟಿಎಸ್‌ಎಚ್ 3.2 ಇತ್ತು. ಶಿಬಿರದವರಿಗೆ ಫೋನ್ ಮಾಡಿದರೆ, ‘ನೋಡಿ, ಥೈರಾಯ್ಡ್ ಅಂತ ನಮ್ಮ ಮಷಿನ್ ಮೊದಲೇ ಹೇಳಿತ್ತಲ್ಲ’ ಅಂದರು. ಡಾಕ್ಟರು ಕಬ್ಬಿಣದ ಡ್ರಿಪ್ ಹಾಕೋಣ ಅಂದಿದ್ದಾರೆ. ಅದು ಹಾಕಿಸಿದರೆ ಮೈಯೆಲ್ಲ ಅಯಸ್ಕಾಂತಕ್ಕೆ ಅಂಟುತ್ತೆ, ಮುಂದೆ ಎಂಆರ್‌ಐ ಮಾಡಿಸೋ ಹಾಗಿಲ್ಲ ಅಂತ ಪಕ್ಕದ ಮನೆಯವರು ಹೆದರಿಸುತ್ತಿದ್ದಾರೆ. ಹೋದ ಫೆಬ್ರವರಿಯಲ್ಲಿ ನನ್ನ ಮೈದುನನಿಗೆ ಮಂಗನ ಕಾಯಿಲೆ ಟೆಸ್ಟ್ ಆದಾಗ, ಲ್ಯಾಬಿನವರೇ ‘ಅಯಸ್ಕಾಂತದ ಮಣಿ ಹಾಕಿ ವೈರಸ್ ಎಳೆಯುತ್ತೇವೆ’ ಅಂದಿದ್ದರು. ಹಾಗಾದರೆ ಶಿಬಿರದವರು ಹೇಳೋದೂ ನಿಜ ಇರಬಹುದಾ? ಕಿಟ್‌ನ ಡಬ್ಬಿಗಳ ಫೋಟೋ ಕಳಿಸಿದ್ದೇನೆ.

ಉತ್ತರ: ಫೋಟೋ ಕಳಿಸಿದ್ದು ಒಳ್ಳೆಯದಾಯಿತು. ನಿಮ್ಮ ಅರ್ಧ ಪ್ರಶ್ನೆಗೆ ಉತ್ತರ ಮೂರನೇ ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿದೆ. ಅಲ್ಲಿಗೆ ಬರುತ್ತೇನೆ.

ನಾನು ಬಯೋಕೆಮಿಸ್ಟ್. 22 ವರ್ಷದಿಂದ ಶಿವಮೊಗ್ಗದಲ್ಲಿ ಲ್ಯಾಬ್ ಕೆಲಸ. ಔಷಧಿ ಬರೆಯುವವನಲ್ಲ. ರಿಪೋರ್ಟಿನ ಮೇಲಿನ ಅಂಕಿ ಎಲ್ಲಿಂದ ಬಂತು ಅನ್ನೋದು ಮಾತ್ರ ನನಗೆ ಗೊತ್ತು.

ನಿಮ್ಮ ಮೈದುನನ ಟೆಸ್ಟಿನಿಂದ ಶುರು ಮಾಡೋಣ. ಲ್ಯಾಬಿನವರು ಹೇಳಿದ್ದು ನಿಜ. ಈಗ ಅನೇಕ ಲ್ಯಾಬ್‌ಗಳಲ್ಲಿ ಪಿಸಿಆರ್‌ಗೆ (ವೈರಸ್ಸಿನ ಆನುವಂಶಿಕ ವಸ್ತುವನ್ನು ಹುಡುಕುವ ಪರೀಕ್ಷೆಗೆ) ಮುಂಚೆ ರಕ್ತದಿಂದ ಆ ವಸ್ತು, ಅಂದರೆ ವೈರಸ್ಸಿನ ಆರ್‌ಎನ್‌ಎ ಬೇರ್ಪಡಿಸುವುದು ಅಯಸ್ಕಾಂತದ ಮಣಿಗಳಿಂದಲೇ. ನಾವು ಬೀಡ್ಸ್ ಅನ್ನುತ್ತೇವೆ. ನೋಡಲು ನೀರು ಜಾಸ್ತಿಯಾದ ಕಾಫಿ ಡಿಕಾಕ್ಷನ್ ಥರ ಇರುತ್ತದೆ. ರೋಗಿಯ ಸ್ಯಾಂಪಲ್ಲಿಗೆ ಮೊದಲು ವೈರಸ್ಸನ್ನು ಒಡೆಯುವ ದ್ರಾವಣ ಹಾಕುತ್ತೇವೆ. ಆಮೇಲೆ ಈ ಮಣಿ. ಮಣಿಯ ಮೇಲೆ ಸಿಲಿಕಾದ ತೆಳು ಲೇಪ ಇರುತ್ತದೆ. ಸರಿಯಾದ ಉಪ್ಪು, ಆಲ್ಕೋಹಾಲ್ ಇದ್ದರೆ ಆರ್‌ಎನ್‌ಎ ಹೋಗಿ ಆ ಲೇಪಕ್ಕೆ ಅಂಟಿಕೊಳ್ಳುತ್ತದೆ. ಈಗ ಟ್ಯೂಬನ್ನು ಅಯಸ್ಕಾಂತ ಕೂರಿಸಿದ ಸ್ಟ್ಯಾಂಡಿಗೆ ಸಿಕ್ಕಿಸಬೇಕು. ಮೊದಲ ಕೆಲವು ಕ್ಷಣ ಏನೂ ಆಗುವುದಿಲ್ಲ. ಆಮೇಲೆ ದ್ರವದ ನಡುವೆ ಒಂದು ಮಬ್ಬು ಗೆರೆ ಕಾಣುತ್ತದೆ. ನೋಡನೋಡುತ್ತಿದ್ದಂತೆ ಕಂದು ಬಣ್ಣವೆಲ್ಲ ಒಂದು ಗೋಡೆಗೆ ಸರಿದು, ಕಾಫಿ ಲೋಟದ ಬದಿಗೆ ಗಷ್ಟು ಅಂಟಿದ ಹಾಗೆ ಕೂರುತ್ತದೆ. ಉಳಿದದ್ದು ತಿಳಿ ನೀರು. ಅದನ್ನು ಹೀರಿ ಚೆಲ್ಲಿ, ಎರಡು ಸಲ ತೊಳೆದು, ಕೊನೆಗೆ ಒಂದು ಹನಿ ಶುದ್ಧ ನೀರಿಗೆ ಆರ್‌ಎನ್‌ಎಯನ್ನು ಬಿಡಿಸಿಕೊಳ್ಳುತ್ತೇವೆ. ಎಷ್ಟು ವರ್ಷ ನೋಡಿದರೂ ನನಗೆ ಇದು ಬೇಸರ ಬಂದಿಲ್ಲ.

ಚಿಕ್ಕವರಿದ್ದಾಗ ತುಂಗೆಯ ಮರಳಲ್ಲಿ ಹಳೇ ಸ್ಪೀಕರಿನ ಅಯಸ್ಕಾಂತ ಎಳೆದಾಡಿದ್ದೀರಾ? ಅದಕ್ಕೆ ಮೀಸೆ ಬಂದ ಹಾಗೆ ಕಪ್ಪು ಪುಡಿ ಹತ್ತಿಕೊಳ್ಳುತ್ತದೆ. ಅದರಲ್ಲಿ ಹೆಚ್ಚಿನದು ಮ್ಯಾಗ್ನೆಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ನಮ್ಮ ಮಣಿಗಳ ಒಳಗಿರೋದೂ ಅದೇ ಜಾತಿಯ ಕಣ, ಆದರೆ ಸುಮಾರು 10 ನ್ಯಾನೋಮೀಟರ್ ಗಾತ್ರಕ್ಕೆ ಇಳಿಸಿದ್ದು. ನಿಮ್ಮ ಒಂದು ಕೂದಲಿನ ದಪ್ಪ ಹತ್ತಿರ ಹತ್ತಿರ 80,000 ನ್ಯಾನೋಮೀಟರ್. ಹಾಗೆ ನೋಡಿದರೆ ಇಡೀ ಮಣಿ ನ್ಯಾನೋ ಅಲ್ಲ, ಒಂದರಿಂದ ಮೂರು ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಸಾವಿರ ನ್ಯಾನೋಮೀಟರ್) ಇರುತ್ತದೆ. ಅದರ ಹೊಟ್ಟೆಯೊಳಗೆ ಸಾವಿರಾರು ನ್ಯಾನೋ ಕಣ.

ಅಷ್ಟು ಚಿಕ್ಕದು ಯಾಕೆ ಬೇಕು? ದೊಡ್ಡ ಕಬ್ಬಿಣದ ಚೂರಿಗೆ ಅಯಸ್ಕಾಂತ ಮುಟ್ಟಿಸಿದರೆ ಅದೂ ಒಂದಿಷ್ಟು ಅಯಸ್ಕಾಂತ ಆಗಿಬಿಡುತ್ತದೆ. ಅಂಥ ಚೂರುಗಳು ಟ್ಯೂಬಿನಲ್ಲಿದ್ದರೆ ಒಂದಕ್ಕೊಂದು ಕಚ್ಚಿಕೊಂಡು ಗಂಟು ಕಟ್ಟುತ್ತವೆ. 10 ನ್ಯಾನೋಮೀಟರಿನ ಕಣಕ್ಕೆ ಮರೆವು ಜಾಸ್ತಿ. ಹತ್ತಿರ ಅಯಸ್ಕಾಂತ ಇದ್ದಾಗ ಜೋರಾಗಿ ಎಳೆಸಿಕೊಳ್ಳುತ್ತದೆ. ತೆಗೆದ ಕೂಡಲೇ ಎಲ್ಲ ಮರೆತು ಮತ್ತೆ ಹರಡಿಕೊಳ್ಳುತ್ತದೆ. ಸೂಪರ್‌ಪ್ಯಾರಾಮ್ಯಾಗ್ನೆಟಿಸಂ ಅಂತ ಹೆಸರು. ಈ ಮರೆವು ಇಲ್ಲದಿದ್ದರೆ ಈ ತಂತ್ರವೇ ಇಲ್ಲ.

ಇಲ್ಲಿ ಗಮನಿಸಬೇಕಾದದ್ದು, ವೈರಸ್ ಇದೆ ಅಂತ ಅಯಸ್ಕಾಂತ ಹೇಳಲಿಲ್ಲ. ಅದು ಹೆಕ್ಕಿ ಕೊಟ್ಟಿತು ಅಷ್ಟೇ. ಇದೆಯೋ ಇಲ್ಲವೋ ಹೇಳಿದ್ದು ಆಮೇಲಿನ ಪಿಸಿಆರ್. ಮೊರದಲ್ಲಿ ಅಕ್ಕಿ ಕೇರಿ ಕಲ್ಲು ಬೇರೆ ಮಾಡಿದ ಹಾಗೆ. ಅನ್ನದ ರುಚಿ ಮೊರಕ್ಕೆ ಗೊತ್ತಿರುತ್ತಾ?

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂದು ಈ ಕಾಯಿಲೆ ಪತ್ತೆಯಾದಾಗ ಇಂಥದ್ದೇನೂ ಇರಲಿಲ್ಲ. ಆಗ ವೈರಸ್ ಹಿಡಿಯಬೇಕೆಂದರೆ ಸ್ಯಾಂಪಲ್ಲನ್ನು ಇಲಿಮರಿಗಳಿಗೆ ಚುಚ್ಚಿ ದಿನಗಟ್ಟಲೆ ಕಾಯಬೇಕಿತ್ತು. 2020ರಲ್ಲಿ ಕೋವಿಡ್ ಬಂದಾಗ ಈ ಮಣಿಗಳಿಗೆ ಹಾಹಾಕಾರವೇ ಆಯಿತು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆ ಆಗ ‘ಚಿತ್ರ ಮ್ಯಾಗ್ನಾ’ ಅನ್ನುವ ಹೆಸರಲ್ಲಿ ಮ್ಯಾಗ್ನೆಟಿಕ್ ನ್ಯಾನೋ ಕಣಗಳ ಆರ್‌ಎನ್‌ಎ ಕಿಟ್ ಮಾಡಿತು. ನಿಮ್ಮ ಮನೆಯಿಂದ ತರಗೆಲೆಗೆ, ಸೌದೆಗೆ ಕಾಡಿಗೆ ಹೋಗುವವರು ಇದ್ದಾರೆ ಅಂದುಕೊಂಡು ಒಂದು ಮಾತು: ಉಣುಗು ಕಚ್ಚಿದ ಮೇಲೆ ಜ್ವರ ಬಂದರೆ ಪಿಸಿಆರ್‌ಗೆ ಮೊದಲ ವಾರದಲ್ಲೇ ರಕ್ತ ಕೊಡಿ. ತಡವಾದರೆ ರಕ್ತದಲ್ಲಿ ವೈರಸ್ ಕಡಿಮೆಯಾಗಿ, ಎಂಥ ಮಣಿ ಹಾಕಿದರೂ ಸಿಗುವುದಿಲ್ಲ. ಆಗ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯವನ್ನು ಹುಡುಕುವ ಐಜಿಎಂ ಟೆಸ್ಟ್ ನೋಡಬೇಕಾಗುತ್ತದೆ.

ಈಗ ಶಿಬಿರದ ಕಡ್ಡಿ.

ದೇಹದಿಂದ ಅಯಸ್ಕಾಂತೀಯ ಸಂಕೇತ ಬರುತ್ತದೆ ಅನ್ನುವುದು ಸುಳ್ಳಲ್ಲ. ಹೃದಯ ಬಡಿಯುವಾಗ ಹುಟ್ಟುವ ಕ್ಷೇತ್ರವನ್ನು ಅಳೆದಿದ್ದಾರೆ. 1970ರ ಹೊತ್ತಿಗೆ ಅಮೆರಿಕದ ಎಂಐಟಿಯಲ್ಲಿ ಡೇವಿಡ್ ಕೋಹೆನ್ ಅದನ್ನು ಸ್ಪಷ್ಟವಾಗಿ ದಾಖಲಿಸಿದರು. ಆದರೆ ಅದು ಭೂಮಿಯ ಅಯಸ್ಕಾಂತೀಯ ಕ್ಷೇತ್ರಕ್ಕಿಂತ ಸುಮಾರು ಹತ್ತು ಲಕ್ಷ ಪಟ್ಟು ಚಿಕ್ಕದು. ಅದಕ್ಕಾಗಿ ಅವರು ಹೊರಗಿನ ಕ್ಷೇತ್ರ ನುಗ್ಗದ ಹಾಗೆ ವಿಶೇಷ ಕೋಣೆ ಕಟ್ಟಿ, ಅತಿ ತಣ್ಣಗಿನ ದ್ರವದಲ್ಲಿ ಮುಳುಗಿಸಿದ ಸಂವೇದಕ ಬಳಸಬೇಕಾಯಿತು. ನಿಮ್ಮ ಸಮುದಾಯ ಭವನದಲ್ಲಿ ಫ್ಯಾನ್ ತಿರುಗುತ್ತಿತ್ತು, ಮೈಕ್ ಇತ್ತು, ಹೊರಗೆ ಟೆಂಪೋ ನಿಂತಿತ್ತು, ಅಲ್ವಾ? ಅಲ್ಲಿ ಲಿವರಿನ ಸಂಕೇತ ಹಿಡಿಯೋದು ಜಾತ್ರೆ ನಡುವೆ ಇರುವೆ ನಡೆಯುವ ಸದ್ದು ಕೇಳಿಸಿಕೊಂಡೆ ಅಂದ ಹಾಗೆ.

ಇಂಥದ್ದೊಂದು ಮಷಿನ್ ಕೆಲವು ವರ್ಷದ ಹಿಂದೆ ನನ್ನ ಪರಿಚಯದವರ ಕೈಗೆ ಬಂದಿತ್ತು. ಕೊಂಡುಕೊಳ್ಳಲಾ ಅಂತ ಕೇಳಿದರು. ನೋಡೋಣ ಅಂತ ಕಡ್ಡಿಗೆ ಒಂದು ಒದ್ದೆ ಟವೆಲ್ ಸುತ್ತಿದೆವು. ಕಂಪ್ಯೂಟರಿನಲ್ಲಿ ಹೆಣ್ಣು, 35 ವರ್ಷ, 160 ಸೆಂಟಿಮೀಟರ್, 55 ಕೆಜಿ ಅಂತ ಬರೆದೆವು. ಒಂದು ನಿಮಿಷಕ್ಕೆ ಟವೆಲ್ಲಿನ ಗರ್ಭಕೋಶದ ವರದಿ ಬಂತು. ಗಂಡು ಅಂತ ಬದಲಿಸಿದೆವು. ಅದೇ ಟವೆಲ್ಲಿಗೆ ಪ್ರಾಸ್ಟೇಟ್ ತೊಂದರೆ ಇತ್ತು. ಆ ಕಡ್ಡಿ ಅಳೆಯೋದು ಹೆಚ್ಚೆಂದರೆ ಅಂಗೈಯ ತೇವವನ್ನು. ಉಳಿದದ್ದು ವಯಸ್ಸು, ತೂಕ ನೋಡಿ ಸಾಫ್ಟ್‌ವೇರ್ ಹೆಣೆದದ್ದು. 61ರ ಹೆಂಗಸಿಗೆ ಮೂಳೆ ಸವೆದಿದೆ, ಥೈರಾಯ್ಡ್ ಇದೆ ಅಂತ ಕಣ್ಣು ಮುಚ್ಚಿ ಹೇಳಿದರೂ ಹತ್ತರಲ್ಲಿ ಕೆಲವರಿಗೆ ತಗುಲೇ ತಗುಲುತ್ತದೆ.

ಹಾಗಾದರೆ ಟಿಎಸ್‌ಎಚ್ 0.09 ಹೇಗೆ ಬಂತು? ಲ್ಯಾಬ್ ಸುಳ್ಳು ಹೇಳಿತಾ? ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇದೇ.

ಫೋಟೋದಲ್ಲಿ ಮೂರನೇ ಡಬ್ಬಿ ನೋಡಿ. ‘ಕೂದಲು, ಉಗುರು, ಚರ್ಮಕ್ಕೆ’ ಅಂತಿದೆ. ಹಿಂದೆ: ಬಯೋಟಿನ್ 10 ಮಿಲಿಗ್ರಾಂ, ದಿನಕ್ಕೆರಡು. ದೊಡ್ಡವರಿಗೆ ದಿನಕ್ಕೆ ಬೇಕಾಗೋದು ಸುಮಾರು 30 ಮೈಕ್ರೋಗ್ರಾಂ. ಅತ್ತೆಯವರು ಐದು ವಾರದಿಂದ ಅದರ ಆರುನೂರು ಪಟ್ಟಿಗಿಂತ ಜಾಸ್ತಿ ನುಂಗುತ್ತಿದ್ದಾರೆ. ಬಯೋಟಿನ್ ವಿಷವಲ್ಲ, ಬಿ ಗುಂಪಿನ ವಿಟಮಿನ್. ದೇಹಕ್ಕೆ ಅಂಥ ಹಾನಿ ಮಾಡಲ್ಲ. ಹಾಳು ಮಾಡೋದು ನಮ್ಮ ಟೆಸ್ಟನ್ನು.

ಟಿಎಸ್‌ಎಚ್ ಟೆಸ್ಟಿನಲ್ಲೂ ಅಯಸ್ಕಾಂತದ ಮಣಿ ಇದೆ. ನಿಮಗೆ ಆಶ್ಚರ್ಯ ಆಗಬಹುದು, ಆದರೆ ದೊಡ್ಡ ಲ್ಯಾಬ್‌ಗಳಲ್ಲಿ ಟಿಎಸ್‌ಎಚ್, ವಿಟಮಿನ್ ಡಿ, ಬಿ12, ಫೆರಿಟಿನ್, ಹೃದಯಾಘಾತದ ಟ್ರೋಪೋನಿನ್ ಎಲ್ಲ ಹೆಚ್ಚಾಗಿ ಈ ಮಣಿಗಳ ಮೇಲೇ ನಡೆಯೋದು. ಒಂದು ಜಾತಿಯ ಮಷಿನ್‌ನಲ್ಲಿ ಮಣಿಯ ಮೈಮೇಲೆ ಸ್ಟ್ರೆಪ್ಟಾವಿಡಿನ್ ಅನ್ನುವ ಪ್ರೋಟೀನ್ ಇರುತ್ತದೆ. ಅದಕ್ಕೆ ಬಯೋಟಿನ್ ಕಂಡರೆ ಬಿಡಲಾರದ ನಂಟು. ಟಿಎಸ್‌ಎಚ್ ಹಿಡಿಯುವ ಪ್ರತಿಕಾಯಕ್ಕೆ ನಾವು ಬಯೋಟಿನ್ನಿನ ಬಾಲ ಕಟ್ಟಿರುತ್ತೇವೆ. ಪ್ರತಿಕಾಯ ಟಿಎಸ್‌ಎಚ್ಚನ್ನು ಹಿಡಿದುಕೊಳ್ಳುತ್ತದೆ, ಬಾಲ ಮಣಿಗೆ ಅಂಟುತ್ತದೆ, ಅಯಸ್ಕಾಂತ ಮಣಿಯನ್ನು ಹಿಡಿದಿಡುತ್ತದೆ, ಉಳಿದದ್ದನ್ನು ತೊಳೆದು ಹಾಕಿ ಲೆಕ್ಕ ಮಾಡುತ್ತೇವೆ.

ಬಸ್ ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವವರು ಗೊತ್ತಲ್ಲ? ಮಣಿ ಅಂದರೆ ಬಸ್ಸು. ಸ್ಟ್ರೆಪ್ಟಾವಿಡಿನ್ ಸೀಟು. ಅತ್ತೆಯವರ ರಕ್ತದಲ್ಲಿ ತುಂಬಿರುವ ಬಿಡಿ ಬಯೋಟಿನ್ ಮೊದಲೇ ಎಲ್ಲ ಸೀಟಿಗೂ ಟವೆಲ್ ಹಾಕಿದೆ. ಟಿಎಸ್‌ಎಚ್ಚಿನ ಕೈ ಹಿಡಿದು ಬಂದ ಪ್ರತಿಕಾಯ ಕೆಳಗೇ ಉಳಿಯಿತು. ಬಸ್ಸು ಹೊರಟಿತು. ಬಸ್ಸಲ್ಲಿ ಟಿಎಸ್‌ಎಚ್ ಎಷ್ಟಿದೆ ಅಂತ ಎಣಿಸಿದ ಮಷಿನ್, ‘ತುಂಬಾ ಕಡಿಮೆ’ ಅಂತ ಬರೆಯಿತು. ಟಿ4 ಟೆಸ್ಟಿನ ಲೆಕ್ಕ ಉಲ್ಟಾ. ಅಲ್ಲಿ ಬಸ್ಸು ಖಾಲಿ ಕಂಡಷ್ಟೂ ಹಾರ್ಮೋನ್ ಜಾಸ್ತಿ ಅಂತ ಅರ್ಥ. ಹಾಗಾಗಿ ಟಿಎಸ್‌ಎಚ್ ಪಾತಾಳಕ್ಕೆ, ಟಿ4 ಮೇಲಕ್ಕೆ. ನೋಡಿದವರಿಗೆ ಥೈರಾಯ್ಡ್ ಅತಿಯಾಗಿ ಕೆಲಸ ಮಾಡುತ್ತಿದೆ ಅನ್ನಿಸುವ ಚಿತ್ರವೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಈ ಬಗ್ಗೆ ಎಚ್ಚರಿಕೆ ಕೊಟ್ಟಿದೆ.

ಅಂದರೆ ಶಿಬಿರದವರು ಕೊಟ್ಟ ಮಾತ್ರೆಯೇ ಶಿಬಿರದವರ ಮಾತನ್ನು ‘ನಿಜ’ ಮಾಡಿ ತೋರಿಸಿರಬಹುದು. ಅವರಿಗೆ ಇದು ಗೊತ್ತಿದ್ದು ಮಾಡಿದ್ದಲ್ಲ ಅಂತಲೇ ನನ್ನ ನಂಬಿಕೆ. ಅಷ್ಟು ಓದಿದ್ದರೆ ಬೇರೆ ಕೆಲಸ ಮಾಡುತ್ತಿದ್ದರು.

ಇರಬಹುದು ಅನ್ನುತ್ತಿದ್ದೇನೆ, ಗಮನಿಸಿ. ಎಲ್ಲ ಮಷಿನ್‌ಗಳಲ್ಲೂ ಈ ಬಾಲದ ವ್ಯವಸ್ಥೆ ಇಲ್ಲ. ಹೊಸ ಕಿಟ್‌ಗಳು ಬಯೋಟಿನ್ನನ್ನು ಸಾಕಷ್ಟು ತಡೆದುಕೊಳ್ಳುತ್ತವೆ. ನಿಜವಾಗಿಯೂ ಥೈರಾಯ್ಡ್ ತೊಂದರೆ ಶುರುವಾಗಿರಲೂಬಹುದು. ತಿಳಿಯೋದು ಸುಲಭ. ಬಯೋಟಿನ್ ನಿಲ್ಲಿಸಿ, ಕನಿಷ್ಠ ಎರಡು ಮೂರು ದಿನ ಬಿಟ್ಟು ಮತ್ತೆ ರಕ್ತ ಕೊಡಿ. ಇಷ್ಟು ದೊಡ್ಡ ಪ್ರಮಾಣ ಐದು ವಾರ ತಗೊಂಡಿದ್ದರಿಂದ ನಾನಾದರೆ ಒಂದು ವಾರ ಕಾಯುತ್ತೇನೆ. ಬಯೋಟಿನ್ ಹೊರಹೋಗೋದು ಕಿಡ್ನಿಯಿಂದ. ಕ್ರಿಯಾಟಿನಿನ್ ಜಾಸ್ತಿ ಇದ್ದರೆ, ಅಂದರೆ ಕಿಡ್ನಿ ನಿಧಾನವಾಗಿದ್ದರೆ, ಇನ್ನೂ ತಡವಾಗುತ್ತದೆ. ಅಲ್ಲಿಯವರೆಗೆ ಥೈರಾಯ್ಡಿಗೆ ಯಾವ ಮಾತ್ರೆಯನ್ನೂ ಶುರು ಮಾಡುವ ಅವಸರ ಬೇಡ ಅಂತ ಡಾಕ್ಟರಿಗೆ ಈ ವಿಷಯ ತಿಳಿಸಿ ಕೇಳಿ. ಬೇಡದ ಥೈರಾಯ್ಡ್ ಮಾತ್ರೆ ಸುಮ್ನೆ ಕೂರುವುದಿಲ್ಲ, ಅದಕ್ಕೂ ಅಡ್ಡ ಪರಿಣಾಮ ಇದೆ.

ಫೆರಿಟಿನ್ 5 ಕೂಡ ಇದೇ ಬಲೆಗೆ ಬಿದ್ದಿರಬಹುದು. ಅದೂ ಟಿಎಸ್‌ಎಚ್ ಥರದ ಟೆಸ್ಟೇ. ಆದರೆ ಹಿಮೋಗ್ಲೋಬಿನ್ 8.1, ಎಂಸಿವಿ 66 ನಿಜ. ಅವು ಬರೋದು ರಕ್ತಕಣ ಎಣಿಸುವ ಮಷಿನ್‌ನಿಂದ, ಅಲ್ಲಿ ಮಣಿಯೂ ಇಲ್ಲ, ಬಯೋಟಿನ್ನೂ ಇಲ್ಲ. ಅತ್ತೆಯವರಿಗೆ ರಕ್ತಹೀನತೆ ಇರುವುದು ಖಂಡಿತ, ಕಣ ಚಿಕ್ಕದಾಗಿರುವುದರಿಂದ ಕಬ್ಬಿಣದ ಕೊರತೆ ಅನ್ನೋ ಅನುಮಾನವೂ ಬಲವಾಗಿದೆ. ಆದರೂ ವಂಶದಿಂದ ಬರುವ ಥಲಸ್ಸೀಮಿಯಾ ಎಂಬ ರಕ್ತದ ತೊಂದರೆಯ ಗುಣ ಇರುವವರಲ್ಲೂ ಕಣ ಚಿಕ್ಕದಿರುತ್ತದೆ. ಅದಕ್ಕೇ ಡ್ರಿಪ್ ಹಾಕುವ ಮೊದಲು ಫೆರಿಟಿನ್ ಇನ್ನೊಮ್ಮೆ ಆಗಲಿ. ಡ್ರಿಪ್ ಆದಮೇಲೆ ನೋಡಿದರೆ ಅದು ಹೇಗೂ ಮೇಲೇರಿರುತ್ತದೆ, ಸತ್ಯ ಸಿಗುವುದಿಲ್ಲ. ಕೂತಲ್ಲೇ ಏದುಸಿರು, ಎದೆನೋವು, ಕಪ್ಪು ಮಲ ಏನಾದರೂ ಕಂಡರೆ ಮಾತ್ರ ಈ ಕಾಯುವ ಲೆಕ್ಕ ಬಿಟ್ಟು ಕೂಡಲೇ ಆಸ್ಪತ್ರೆಗೆ ಹೋಗಿ.

ಲ್ಯಾಬಿನವರು ತಪ್ಪೇ ಮಾಡಲ್ಲ ಅಂತ ನಾನು ವಾದಿಸುತ್ತಿಲ್ಲ. ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ, ಜುಲೈ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಹೊಸ ಹುಡುಗ ಮಣಿಯ ಬಾಟಲಿಯನ್ನು ಹಾಗೇ ಮಷಿನ್‌ಗೆ ಇಟ್ಟ. ಮೂವತ್ತು ಸಲ ಬುಡಮೇಲು ಮಾಡಿ ಕಲಸಬೇಕು ಅಂತ ಸೂಚನೆ ಇತ್ತು. ಮಣಿಯೆಲ್ಲ ತಳದಲ್ಲಿ ಕೂತಿತ್ತು. ಬಂದ ಟಿಎಸ್‌ಎಚ್‌ಗಳೆಲ್ಲ ಕಡಿಮೆ. ಸಿಕ್ಕಿಬಿದ್ದದ್ದು ಹೇಗೆ ಅಂದರೆ, ದಿನಾ ಬೆಳಿಗ್ಗೆ ಉತ್ತರ ಗೊತ್ತಿರುವ ಕಂಟ್ರೋಲ್ ಸ್ಯಾಂಪಲ್ ಓಡಿಸುತ್ತೇವೆ. ಅದೂ ಕಡಿಮೆ ಬಂದಿತ್ತು, ನೋಡುವಷ್ಟರಲ್ಲಿ ಒಂಬತ್ತು ರಿಪೋರ್ಟ್ ಪ್ರಿಂಟ್ ಆಗಿದ್ದವು. ಎಲ್ಲ ವಾಪಸ್ ತರಿಸಿದೆವು. ಬೈಸಿಕೊಂಡೆವು. ಕಡ್ಡಿ ಮಷಿನ್‌ಗೆ ಅಂಥ ಕಂಟ್ರೋಲ್ ಏನು ಅಂತ ಶಿಬಿರದವರನ್ನು ಒಮ್ಮೆ ಕೇಳಿ ನೋಡಿ.

ಇನ್ನು ಡ್ರಿಪ್. ಪಕ್ಕದ ಮನೆಯವರ ಮಾತಿನಲ್ಲಿ ಒಂದು ಎಳೆ ನಿಜ ಇದೆ, ಅದು ಬೇರೆ ಔಷಧಿಯದು. ಫೆರುಮಾಕ್ಸಿಟಾಲ್ ಅನ್ನುವ ಕಬ್ಬಿಣದ ಇಂಜೆಕ್ಷನ್ ಮ್ಯಾಗ್ನೆಟಿಕ್ ನ್ಯಾನೋ ಕಣಗಳದ್ದೇ. 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಕೊಟ್ಟಮೇಲೆ ಮೂರು ತಿಂಗಳವರೆಗೆ ಎಂಆರ್‌ಐ ಚಿತ್ರ ಬದಲಾಗಬಹುದು. ಚಿತ್ರ ಬದಲಾಗಬಹುದು ಅಷ್ಟೇ, ಮನುಷ್ಯ ಮಷಿನ್‌ಗೆ ಅಂಟುವುದಿಲ್ಲ. ನಮ್ಮಲ್ಲಿ ಸಾಮಾನ್ಯವಾಗಿ ಹಾಕೋದು ಐರನ್ ಸುಕ್ರೋಸ್ ಅಥವಾ ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್. ಎಂಆರ್‌ಐ ಮಾಡಿಸುವ ಸಂದರ್ಭ ಬಂದರೆ ಯಾವ ತಾರೀಖಿಗೆ ಯಾವ ಡ್ರಿಪ್ ಆಯಿತು ಅಂತ ಹೇಳಿ, ಸಾಕು. ನಮ್ಮೆಲ್ಲರ ಮೈಯಲ್ಲೂ ಮೂರು ನಾಲ್ಕು ಗ್ರಾಂ ಕಬ್ಬಿಣ ಇದ್ದೇ ಇದೆ. ಭದ್ರಾವತಿ ಕಾರ್ಖಾನೆಯ ಕಬ್ಬಿಣದ ಥರ ಗಟ್ಟಿ ತುಂಡಾಗಿ ಅಲ್ಲ, ಹೆಚ್ಚಿನದು ಒಂದೊಂದೇ ಪರಮಾಣುವಾಗಿ ಪ್ರೋಟೀನಿನೊಳಗೆ ಕೂತಿರುತ್ತದೆ. ಅದಕ್ಕೇ ಅಯಸ್ಕಾಂತ ನಮ್ಮನ್ನು ಎಳೆಯುವುದಿಲ್ಲ.

ಡ್ರಿಪ್ಪಿನ ನಿಜವಾದ ಅಪಾಯ ಬೇರೆ. ಅಪರೂಪಕ್ಕೆ ಅಲರ್ಜಿ ಆಗುತ್ತದೆ, ಜೋರಾಗಿಯೂ ಆಗಬಹುದು. ಹಾಗಾಗಿ ಆಸ್ಪತ್ರೆಯಲ್ಲೇ ಹಾಕಿಸಿ, ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ನರದಿಂದ ಹೊರಗೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ಉಳಿಯುತ್ತದೆ. ಕಾರ್ಬಾಕ್ಸಿಮಾಲ್ಟೋಸ್ ಪದೇಪದೇ ಕೊಟ್ಟರೆ ರಕ್ತದಲ್ಲಿ ಫಾಸ್ಫೇಟ್ ಇಳಿಯಬಹುದು. ಮಾತ್ರೆಯ ದಾರಿ ಅಗ್ಗ, ಆದರೆ ನಿಧಾನ. ಹೊಟ್ಟೆ ಕೆಡುತ್ತದೆ, ಮಲ ಕಪ್ಪಾಗುತ್ತದೆ. ಜೊತೆಗೆ ಕಾಫಿ ಕುಡಿದರೆ ಅರ್ಧ ವ್ಯರ್ಥ, ಮಲೆನಾಡಿನಲ್ಲಿ ಇದನ್ನು ಪಾಲಿಸುವವರು ಎಷ್ಟು ಜನವೋ! ಯಾವುದು ಅಂತ ಡಾಕ್ಟರು ತೀರ್ಮಾನಿಸಲಿ. ಆದರೆ ಒಂದು ಪ್ರಶ್ನೆ ನೀವೇ ಕೇಳಬೇಕು: ಮುಟ್ಟು ನಿಂತ 61ರ ಹೆಂಗಸಿಗೆ ಕಬ್ಬಿಣ ಹೋಗುತ್ತಿರೋದು ಎಲ್ಲಿಗೆ? ಬರಿಗಾಲಲ್ಲಿ ತೋಟ ಓಡಾಡುವವರಿಗೆ ಕೊಕ್ಕೆಹುಳು ಆಗಬಹುದು. ಮೂಲವ್ಯಾಧಿ ಇರಬಹುದು. ಹೊಟ್ಟೆಯಲ್ಲೋ ದೊಡ್ಡ ಕರುಳಲ್ಲೋ ಹುಣ್ಣು, ಗಡ್ಡೆ ಇರಬಹುದು. ಮಲ ಪರೀಕ್ಷೆ, ಬೇಕಿದ್ದರೆ ಎಂಡೋಸ್ಕೋಪಿ ಮಾಡಿಸಿ. ಶಿಬಿರದ ದೊಡ್ಡ ಹಾನಿ 6,800 ರೂಪಾಯಿ ಅಲ್ಲ. ಇದನ್ನು ಹುಡುಕಬೇಕಾದ ಐದು ವಾರ ಹೋಯಿತು.

ಮುಂದೆ ‘ಹನಿ ರಕ್ತದಲ್ಲಿ ಕ್ಯಾನ್ಸರ್ ಹಿಡಿಯುವ ನ್ಯಾನೋ ಟೆಸ್ಟ್’ ಅಂತಲೂ ನಿಮ್ಮ ಊರಿಗೆ ಯಾರಾದರೂ ಬರಬಹುದು. ಅದರ ಮೂಲದಲ್ಲೂ ನಿಜವಾದ ಕೆಲಸ ಇದೆ. 7.5 ಮಿಲಿಲೀಟರ್ ರಕ್ತದಿಂದ ಬೆರಳೆಣಿಕೆಯ ಕ್ಯಾನ್ಸರ್ ಕೋಶಗಳನ್ನು ಮ್ಯಾಗ್ನೆಟಿಕ್ ಕಣಗಳಿಂದ ಹೆಕ್ಕುವ ಸೆಲ್‌ಸರ್ಚ್ ಪರೀಕ್ಷೆಗೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಆದರೆ ಅದು ಈಗಾಗಲೇ ಕ್ಯಾನ್ಸರ್ ಹರಡಿದವರ ಸ್ಥಿತಿ ನೋಡಲು. ಆರಾಮಾಗಿರುವವರಲ್ಲಿ ಕ್ಯಾನ್ಸರ್ ಹುಡುಕಲು ಅಲ್ಲ. ಮಣಿಗಳನ್ನೇ ಎಣಿಸುವ ಚಿಪ್‌ಗಳ ಮೇಲೂ ಸಂಶೋಧನೆ ನಡೆದಿದೆ. ಕಂಪ್ಯೂಟರ್ ಹಾರ್ಡ್ ಡಿಸ್ಕ್ ಓದುವ ತಂತ್ರವೇ ಅದಕ್ಕೆ ಆಧಾರ, 2007ರ ಭೌತಶಾಸ್ತ್ರದ ನೊಬೆಲ್ ಅದರ ಮೂಲ ಶೋಧಕ್ಕೆ ಸಂದಿದ್ದು. ದೇಹದೊಳಗೆ ಹೋದ ಕಣ ಎಲ್ಲಿದೆ ಅಂತ ನೇರವಾಗಿ ಚಿತ್ರ ತೆಗೆಯುವ ವಿಧಾನ 2005ರಲ್ಲಿ ಬಂತು, ಇನ್ನೂ ಆಸ್ಪತ್ರೆಗಳ ದಿನನಿತ್ಯದ ಕೆಲಸಕ್ಕೆ ಇಳಿದಿಲ್ಲ. ಇವುಗಳಲ್ಲಿ ಯಾವುದಕ್ಕೂ ಬರೀ ಕೈಯಲ್ಲಿ ಕಡ್ಡಿ ಹಿಡಿದರೆ ಸಾಲದು. ರಕ್ತವನ್ನೋ ಎಂಜಲನ್ನೋ ಕೊಡಬೇಕು, ಇಲ್ಲಾ ಕಣವನ್ನು ಮೈಗೆ ಚುಚ್ಚಿಸಿಕೊಳ್ಳಬೇಕು.

ಆ 42 ಪುಟದ ವರದಿಯನ್ನು ಡಾಕ್ಟರಿಗೆ ತೋರಿಸುವ ಅಗತ್ಯ ಇಲ್ಲ. ಡಬ್ಬಿಗಳನ್ನು ಮಾತ್ರ ಎಲ್ಲವನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಬೇರೆ ಎರಡರಲ್ಲಿ ‘ಗಿಡಮೂಲಿಕೆ ಮಿಶ್ರಣ’ ಅಂತ ಬಿಟ್ಟರೆ ಏನೂ ಬರೆದಿಲ್ಲ, ಅವನ್ನೂ ಇವತ್ತೇ ನಿಲ್ಲಿಸಿ. ರಕ್ತ ತೆಗೆಯುವ ಹುಡುಗಿಗೆ, ‘ಬಯೋಟಿನ್ ತಗೋತಿದ್ದರು, ಇಂಥ ದಿನ ನಿಲ್ಲಿಸಿದ್ದೇವೆ’ ಅಂತ ಹೇಳಿ, ಚೀಟಿಯ ಮೇಲೆ ಬರೆಸಿ. ಸಾಧ್ಯವಾದರೆ ಮೊದಲು ಮಾಡಿಸಿದ ಲ್ಯಾಬಿನಲ್ಲೇ ಮಾಡಿಸಿ, ಆಗ ಎರಡು ಅಂಕಿಗಳನ್ನು ಹೋಲಿಸಲು ಬರುತ್ತದೆ. ಫಲಿತಾಂಶ ಬಂದಮೇಲೆ ನನಗೂ ಒಂದು ಸಾಲು ಬರೆಯಿರಿ.